ಮಗ್ಗುಲು ಬದಲಿಸುವವರು ಯಾರು?

ನಮ್ಮ ಸಭೆಗಳಲ್ಲಿ ಸಾಕ್ಷಿ ಹೇಳಲು ಎದ್ದು ನಿಲ್ಲುವವರೆಲ್ಲ ಗೆದ್ದವರೇ. ಗಡ್ಡೆ ಕರಗಿದವರು, ಸಾಲ ತೀರಿದವರು, ಮಗನಿಗೆ ನೌಕರಿ ಸಿಕ್ಕವರು. ಗುಣವಾಗದವರು ಹಿಂದಿನ ಬೆಂಚಿನಲ್ಲಿ ಕೂತಿರುತ್ತಾರೆ, ಇಲ್ಲವೆ ಮನೆಯಲ್ಲೇ ಮಲಗಿರುತ್ತಾರೆ. ಅವರಿಗೆಂದು ನಾವು ಇಟ್ಟುಕೊಂಡಿರುವುದು ಒಂದೇ ಮಾತು, ಕರ್ತನ ಚಿತ್ತ. ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದ ನನಗೆ ಈ ಮಾತಿನ ಮೇಲೆ ಹಳೆಯ ಸಿಟ್ಟಿದೆ. ಮಾತು ಸುಳ್ಳೆಂದಲ್ಲ. ಹೇಳುವವರು ಸಾಮಾನ್ಯವಾಗಿ ಆಗಲೇ ಎದ್ದು ಚಪ್ಪಲಿ ಹುಡುಕುತ್ತಿರುತ್ತಾರೆ.

ನನ್ನ ತಮ್ಮ ಗೌಂಡಿ. ಸಾರವೆಯಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಬೆನ್ನುಹುರಿಗೆ ಪೆಟ್ಟಾದವರ ಮನೆಯಲ್ಲಿ ಆಳುವುದು ಗಡಿಯಾರ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ನಡುರಾತ್ರಿಯಲ್ಲೂ. ತಪ್ಪಿದರೆ ಟೊಂಕದ ಎಲುಬಿನ ಮೇಲೆ ಚರ್ಮ ಕೆಂಪಾಗುತ್ತದೆ. ಬೆರಳಿನಿಂದ ಒತ್ತಿದಾಗಲೂ ಆ ಕೆಂಪು ಬಿಳಿಚದಿದ್ದರೆ ಹುಣ್ಣು ಶುರುವಾಯಿತೆಂದೇ ಲೆಕ್ಕ. ಮಲಗಿದವನಿಗೆ ಉರಿಯೂ ತಿಳಿಯದು, ನೋವೂ ತಿಳಿಯದು. ಮೂತ್ರದ ಚೀಲ ಸೊಂಟಕ್ಕಿಂತ ಕೆಳಗೇ ತೂಗಬೇಕು, ನಳಿಕೆ ಎಲ್ಲೂ ಮಡಚಿಕೊಳ್ಳಬಾರದು. ಪ್ರಾರ್ಥನೆಗೆಂದು ಬಂದ ಹಿರಿಯರೊಬ್ಬರು, ಮನೆಯವರ ವಿಶ್ವಾಸ ಇನ್ನಷ್ಟು ಗಟ್ಟಿಯಾಗಬೇಕೆಂದು ಬುದ್ಧಿ ಹೇಳಿ, ಕೊನೆಗೆ ಎಲ್ಲವೂ ಕರ್ತನ ಚಿತ್ತ ಎಂದು ಚಹಾ ಕುಡಿದು ಹೋದರು. ತಮ್ಮ ಕೇಳಿದ: "ಅಕ್ಕಾ, ನಾ ಬಿದ್ದದ್ದು ಕರ್ತನ ಚಿತ್ತ ಅಂತನ ಇಟ್ಕೋ. ಈಗ ನನ್ನ ಮಗ್ಗಲಾ ಹೊಳ್ಳಸೂದು ಯಾರ ಚಿತ್ತ?"

ಬೈಬಲಿನ ಯೋಬನ ಗೆಳೆಯರನ್ನು ನಾವು ಸುಮ್ಮನೆ ಬೈಯುತ್ತೇವೆ. ಏಳು ಹಗಲು ಏಳು ರಾತ್ರಿ ಅವರು ಅವನ ಪಕ್ಕದಲ್ಲಿ ನೆಲದ ಮೇಲೆ ಮಾತಿಲ್ಲದೆ ಕೂತಿದ್ದರು. ಅಷ್ಟು ಹೊತ್ತು ಕೂತ ಸಭಾ ಹಿರಿಯರನ್ನು ನಾನಂತೂ ಕಂಡಿಲ್ಲ. ಆ ಗೆಳೆಯರು ಕೆಟ್ಟದ್ದು ಬಾಯಿ ತೆರೆದು ಕಾರಣ ಹುಡುಕಲು ಹೊರಟಾಗ. ಗೋಳಾಡಿದ ಯೋಬನ ಮೇಲಲ್ಲ, ತನ್ನ ಪರವಾಗಿ ವಕೀಲಿಕೆ ಮಾಡಿದ ಇವರ ಮೇಲೆಯೇ ಕೊನೆಗೆ ದೇವರಿಗೆ ಸಿಟ್ಟು ಬಂತು.

ಕಾರಣದ ಬದಲು ಕೆಲಸ ಹುಡುಕಿದವರೂ ಇದ್ದಾರೆ. ನರ್ಸಿಂಗ್ ಕಲಿಯುವಾಗ ಕೇಳಿದ ಹೆಸರು ಡಾ. ಮೇರಿ ವರ್ಗೀಸ್. ಕೇರಳದವರು, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಕಲಿತ ಯುವ ವೈದ್ಯೆ. 1954ರಲ್ಲಿ ಜೊತೆಗಾರರೊಂದಿಗೆ ಹೊರಟಿದ್ದ ಗಾಡಿ ಅಪಘಾತಕ್ಕೀಡಾಗಿ ಬೆನ್ನುಹುರಿಗೆ ಪೆಟ್ಟಾಯಿತು. ಮತ್ತೆ ನಡೆಯಲಾಗಲಿಲ್ಲ. ಆಗ ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಕುಷ್ಠರೋಗದಿಂದ ಮುದುಡಿದ ಬೆರಳುಗಳನ್ನು ಬಿಡಿಸುವ ಶಸ್ತ್ರಚಿಕಿತ್ಸೆ ನಡೆಸುತ್ತಿದ್ದರು. ಶಕ್ತಿ ಉಳಿದಿರುವ ಸ್ನಾಯುವಿನ ಎಳೆಯನ್ನು ತಂದು ಸೋತ ಬೆರಳಿಗೆ ಜೋಡಿಸುವ ನಾಜೂಕಿನ ಕೆಲಸ ಅದು. ಅದಕ್ಕೆ ನಿಲ್ಲಬೇಕಿಲ್ಲ, ಕೂತೇ ಮಾಡಬಹುದು. ಮೇರಿಯವರನ್ನು ಬ್ರ್ಯಾಂಡ್ ಆ ಕೆಲಸಕ್ಕೆ ಕರೆದರು. ಗಾಲಿಕುರ್ಚಿಯಲ್ಲಿ ಕೂತೇ ಅವರು ಕುಷ್ಠರೋಗಿಗಳ ಕೈಗಳನ್ನು ಸರಿಪಡಿಸಿದರು. ಮುಂದೆ ಅಮೆರಿಕದಲ್ಲಿ ತರಬೇತಿ ಪಡೆದು ಬಂದು, 1960ರ ದಶಕದಲ್ಲಿ ವೆಲ್ಲೂರಿನ ಪುನರ್ವಸತಿ ವಿಭಾಗವನ್ನು ಕಟ್ಟಿದರು. 1972ರಲ್ಲಿ ಪದ್ಮಶ್ರೀ ಬಂತು.

ಇದನ್ನು ಪವಾಡವೆಂದು ಪ್ರಸಂಗ ಮಾಡುವವರಿದ್ದಾರೆ. ನನಗೆ ಕಾಣುವುದು ಲೆಕ್ಕಾಚಾರ. ಹೋದದ್ದೇನು, ಉಳಿದದ್ದೇನು, ಉಳಿದದ್ದಕ್ಕೆ ಒಗ್ಗುವ ಕೆಲಸ ಯಾವುದು ಎಂದು ಜೊತೆಯವರು ಕೂತು ಯೋಚಿಸಿದರು. ಕುರ್ಚಿಯನ್ನು ಆಪರೇಷನ್ ಥಿಯೇಟರಿನೊಳಗೆ ಬಿಟ್ಟುಕೊಂಡರು. ಕಷ್ಟದಲ್ಲಿರುವವರು ದೇವರ ಉದ್ದೇಶವನ್ನು ಒಬ್ಬರೇ ಗಟ್ಟಿ ಹಿಡಿದು ಕೂರಬೇಕೆಂದು ನಾವು ಬಯಸುತ್ತೇವೆ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿಕೊಳ್ಳಲೂ ಆಗದವರಿಗೆ ಅದೊಂದು ಹೆಚ್ಚುವರಿ ಹೊರೆ. ಆ ಉದ್ದೇಶವನ್ನು ಹಿಡಿದುಕೊಳ್ಳಬೇಕಾದದ್ದು ಸುತ್ತಲಿನವರು. ಇನ್ನು, ಎಲ್ಲರೂ ಮೇರಿ ವರ್ಗೀಸ್ ಆಗಿರೆಂದು ಹಾಸಿಗೆ ಹಿಡಿದವರಿಗೆ ಬೋಧಿಸುವುದೂ ಒಂದು ಬಗೆಯ ಕ್ರೌರ್ಯವೇ.

ತಮ್ಮ ಈಗ ಫೋನಿನಲ್ಲೇ ಗೌಂಡಿ. ಹೊಸದಾಗಿ ಹೀಗಾದವರ ಮನೆಯವರು ಕರೆ ಮಾಡುತ್ತಾರೆ. ಬಚ್ಚಲ ಬಾಗಿಲು ಎಷ್ಟು ಒಡೆಸಬೇಕು, ಹಿಡಿಕೆ ಎಲ್ಲಿ ಹಾಕಿಸಬೇಕು ಎಂದೆಲ್ಲ ವಿವರಿಸುತ್ತಾನೆ. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕೇ ಬೇಕು, ಜಾಗ ಉಳಿಸಲು ಹೋದರೆ ಕುರ್ಚಿ ಹಿಂದಕ್ಕೆ ಪಲ್ಟಿ ಎಂದು ಗದರುತ್ತಾನೆ. ಕೆಲವು ದಿನ ಯಾರ ಫೋನನ್ನೂ ಎತ್ತುವುದಿಲ್ಲ, ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಾನೆ. ಆ ದಿನಗಳಲ್ಲಿ ನಾನು ವಚನ ಓದಲು ಹೋಗುವುದಿಲ್ಲ, ಬೆನ್ನಿಗೆ ಎಣ್ಣೆ ಹಚ್ಚುತ್ತೇನೆ.

ನಮ್ಮ ದೇವಾಲಯದ ಮೆಟ್ಟಿಲುಗಳ ಎತ್ತರ ಒಟ್ಟು ಮೂರಡಿ. ಮೂವತ್ತಾರು ಅಡಿ ಇಳಿಜಾರಿಗೆ ಅಂಗಳದಲ್ಲಿ ಧಾರಾಳ ಜಾಗವಿದೆ. ನಕ್ಷೆ, ಸಿಮೆಂಟು ಇಟ್ಟಿಗೆಯ ಲೆಕ್ಕ ಎಲ್ಲವನ್ನೂ ತಮ್ಮನೇ ಬರೆದುಕೊಟ್ಟಿದ್ದಾನೆ. ಈ ವರ್ಷ ಗೋಪುರಕ್ಕೆ ಬಣ್ಣವಾಗಬೇಕು, ಮುಂದಿನ ವರ್ಷ ನೋಡೋಣ ಎಂದಿದೆ ಕಮಿಟಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ತೋರಿಸಿದೆ, ಪ್ರಾರ್ಥನೆಯಲ್ಲಿ ಇಡೋಣ ಎಂದರು. ಕಮಿಟಿಯ ಹಿರಿಯರಲ್ಲಿ ಹೆಚ್ಚಿನವರಿಗೆ ಈಚೆಗೆ ಮಂಡಿನೋವು ಶುರುವಾಗಿದೆ. ಸದ್ಯಕ್ಕೆ ನನ್ನ ನಿರೀಕ್ಷೆಯೆಲ್ಲ ಅದರ ಮೇಲೆ.