ಸಹಕಾರ ಕೊಡದವರು ಯಾರು?

‘ಕಾಡಂಚಿನ ಜನ ಸಹಕಾರ ಕೊಡಲ್ಲ’ ಅಂತ ದೂರುವವರು ಒಮ್ಮೆ ಬಿಳಿಗಿರಿರಂಗನ ಬೆಟ್ಟ ನೋಡಲಿ.

1974ರಲ್ಲಿ ಅಲ್ಲಿ ಅಭಯಾರಣ್ಯವಾಯಿತು. ಕಾಡೊಳಗಿದ್ದ ಸೋಲಿಗರನ್ನು ಎಬ್ಬಿಸಿದರು. ಬಿರುಬೇಸಿಗೆಗೆ ಮುನ್ನ ಅವರು ಹಾಕುತ್ತಿದ್ದ ‘ತರಗು ಬೆಂಕಿ’ಯನ್ನೂ ನಿಲ್ಲಿಸಿದರು. ಅದು ನಿಂತ ಮೇಲೇ ಲಂಟಾನ ಹಬ್ಬಿತು ಅನ್ನುತ್ತಾರೆ ಸೋಲಿಗರು. ಅವರ ಮಾತು ಯಾರು ಕೇಳಿದರು?

2011ರಲ್ಲಿ ಅದೇ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕೂ ಸಿಕ್ಕಿತು. ಇವತ್ತು ಸೋಲಿಗರೂ ಇದ್ದಾರೆ, ಹುಲಿಯೂ ಇದೆ.

ಬೆಂಕಿ ಬಿದ್ದಾಗ ಸೊಪ್ಪು ಹಿಡಿದು ಆರಿಸಲು ಊರವರು ಬೇಕು. ಕಾಡಿನ ಯೋಜನೆ ಬರೆಯುವಾಗ ಬೇಡವೇ? ಅದು ಸಹಕಾರವಲ್ಲ, ಬಿಟ್ಟಿ ಚಾಕರಿ. ಕಾಡು, ಕಾಡುಪ್ರಾಣಿ ಕಾಯುವ ಅಧಿಕಾರವನ್ನು 2006ರ ಅರಣ್ಯ ಹಕ್ಕು ಕಾಯ್ದೆಯೇ ಗ್ರಾಮಸಭೆಗೆ ಕೊಟ್ಟಿದೆ. ಮೊದಲು ಹಕ್ಕುಪತ್ರ ಕೊಡಿ, ಗ್ರಾಮಸಭೆಯಲ್ಲಿ ಕೂತು ಮಾತಾಡಿ. ಆಮೇಲೆ ಸಹಕಾರ ಕೇಳಿ.