ಮಾದರಿ ವಿಮಾನಕ್ಕೆ ವಿದ್ಯುತ್ ಮೋಟಾರು

ನೆಲದ ಮೇಲೆ ನಿಂತು ರೇಡಿಯೊ ಮೂಲಕ ನಡೆಸುವ ಮಾದರಿ ವಿಮಾನವೆಂದರೆ ಉಳ್ಳವರ ಮಕ್ಕಳ ಆಟಿಕೆ ಎಂಬ ಅಭಿಪ್ರಾಯ ಹೆತ್ತವರಲ್ಲಿ ಅನೇಕರಿಗಿದೆ. ಪೆಟ್ಟಿಗೆಯಿಂದ ತೆಗೆದೊಡನೆ ಹಾರುವ ಸಿದ್ಧ ವಿಮಾನಗಳ ಮಟ್ಟಿಗೆ ಆ ಮಾತು ಸುಳ್ಳೆಂದು ನಾವು ಹೇಳಲಾರೆವು. ಆದರೆ ಇಂಜಿನಿಗೆಂದು ರಚಿಸಿದ ಬಾಲ್ಸಾ ಮರದ ಕಿಟ್ಟೊಂದನ್ನು ತರಿಸಿ, ಇಂಜಿನಿನ ಸ್ಥಾನದಲ್ಲಿ ವಿದ್ಯುತ್ ಮೋಟಾರನ್ನು ಕೂಡಿಸಿ ಹಾರಿಸುವ ಕೆಲಸ ಬೇರೆಯೇ ಜಾತಿಯದು. ಇಡೀ ಶಾಲೆಗೆ ಒಂದೇ ವಿಮಾನ ಸಾಕು. ಅದನ್ನು ಪರಿವರ್ತಿಸುವ ಹೊಣೆಯನ್ನು ಒಂಬತ್ತು, ಹತ್ತನೆಯ ತರಗತಿಗಳ ಮಕ್ಕಳಿಗೆ ವಹಿಸಬೇಕೆಂಬುದು ನಮ್ಮ ಅಭಿಮತ.

ಇದು ಇಂದು ನಿನ್ನೆಯ ಹುಚ್ಚಲ್ಲ. ಇಂಗ್ಲೆಂಡಿನಲ್ಲಿ ಕರ್ನಲ್ ಟಾಪ್ಲಿನ್ ಎಂಬವರು 1957ರ ಜೂನ್ 30ರಂದು ‘ರೇಡಿಯೊ ಕ್ವೀನ್’ ಎಂಬ ಮಾದರಿಯನ್ನು ಬೆಳ್ಳಿ-ಸತುವಿನ ಬ್ಯಾಟರಿಯ ಬಲದಿಂದ ಹಾರಿಸಿದರು. ರೇಡಿಯೊ ನಿಯಂತ್ರಣದ ವಿದ್ಯುತ್ ಮಾದರಿಯ ಮೊದಲ ಹಾರಾಟವೆಂದು ದಾಖಲೆಯಲ್ಲಿರುವುದು ಇದೇ. ಸ್ವಾರಸ್ಯವೆಂದರೆ, ಆ ಮಾದರಿ ಮೂಲತಃ ಪುಟ್ಟ ಡೀಸೆಲ್ ಇಂಜಿನಿಗೆಂದು ರೂಪಿಸಿದ್ದು. 1973ರ ಅಕ್ಟೋಬರಿನಲ್ಲಿ ಆಸ್ಟ್ರಿಯದಲ್ಲಿ ಮನುಷ್ಯನನ್ನೇ ಹೊತ್ತು ಹಾರಿದ ವಿದ್ಯುತ್ ವಿಮಾನವೂ ಇಂಜಿನಿನ ಗ್ಲೈಡರೊಂದರ ರೂಪಾಂತರವೇ. ಬಹುಕಾಲ ಅಡ್ಡಿಯಾಗಿದ್ದುದು ಬ್ಯಾಟರಿಯ ಭಾರ. ಲಿಥಿಯಂ ಬ್ಯಾಟರಿ ಬಂದಮೇಲೆ ಆ ಅಡ್ಡಿ ಬಹುಮಟ್ಟಿಗೆ ನೀಗಿತು.

ಈಗ ಲೆಕ್ಕಕ್ಕೆ ಬರೋಣ. ನಮಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಪ್ರಿಯವಾದದ್ದು ಇದೇ. ಕಲಿಯುವವರಿಗೆಂದು ಮಾಡಿದ ಸಾಧಾರಣ ಮಾದರಿಯೊಂದು ಎಲ್ಲ ಸೇರಿ ಎರಡೂವರೆ ಕಿಲೋ ತೂಗುತ್ತದೆಂದು ಇಟ್ಟುಕೊಳ್ಳಿ. ಇಂಥದಕ್ಕೆ ಕಿಲೋ ಒಂದಕ್ಕೆ ಸುಮಾರು 200 ವಾಟ್ ಸಾಮರ್ಥ್ಯ ಬೇಕೆಂಬುದು ಹಾರಿಸುವವರ ರೂಢಿಯ ಅಂದಾಜು. ಒಟ್ಟು 500 ವಾಟ್ ಆಯಿತು. ನಾಲ್ಕು ಕೋಶಗಳ ಲಿಥಿಯಂ ಪಾಲಿಮರ್ ಬ್ಯಾಟರಿಯ ವೋಲ್ಟೇಜು 14.8. ಭಾಗಿಸಿದರೆ ಸುಮಾರು 34 ಆಂಪೇರ್. ಆದುದರಿಂದ ವೇಗ ನಿಯಂತ್ರಕ 34ರದ್ದಾದರೆ ಸಾಲದು, 50 ಆಂಪೇರ್ ತಾಳುವಂಥದು ಇರಲಿ. ಬ್ಯಾಟರಿ 4000 ಮಿಲಿ ಆಂಪೇರ್-ಗಂಟೆಯದಾದರೆ, ನೂರಕ್ಕೆ ಎಂಬತ್ತು ಪಾಲು ಮಾತ್ರ ಖರ್ಚು ಮಾಡಬೇಕೆಂಬ ಕಟ್ಟಳೆಯಂತೆ, ಪೂರ್ಣ ವೇಗದಲ್ಲಿ ಐದೂವರೆ ನಿಮಿಷ ಹಾರಬಹುದು. ವೇಗ ತಗ್ಗಿಸಿ ಹಾರಿಸಿದರೆ ಇನ್ನಷ್ಟು ಹೊತ್ತು. ಇದರಲ್ಲಿ ಹತ್ತನೆಯ ತರಗತಿಯವರಿಗೆ ತಿಳಿಯದ ಸೂತ್ರ ಒಂದಾದರೂ ಇದೆಯೇ?

ಮುಂದಿನ ಪ್ರಶ್ನೆ ತೂಕದ್ದು. ಇಂಜಿನು, ಸೈಲೆನ್ಸರು, ಎಣ್ಣೆಯ ಟಾಂಕಿ, ಇಂಜಿನಿನ ವೇಗ ಬದಲಿಸುವ ಸರ್ವೊ ಇವೆಲ್ಲ ಹೊರಗೆ ಹೋದವು. ಮೋಟಾರು ಇಂಜಿನಿಗಿಂತ ಗಿಡ್ಡ. ಪ್ರೊಪೆಲ್ಲರ್ ಮೊದಲಿನ ಸ್ಥಾನದಲ್ಲೇ ನಿಲ್ಲಬೇಕಾದರೆ ಮೂತಿಯ ಹಲಗೆಗೆ ಪ್ಲೈವುಡ್ಡಿನ ಪೆಟ್ಟಿಗೆಯೊಂದನ್ನು ಅಂಟಿಸಿ, ಅದರ ಮೇಲೆ ಮೋಟಾರನ್ನು ತಿರುಪಿನಿಂದ ಬಿಗಿಯಬೇಕು. ಟಾಂಕಿಯಿದ್ದ ಗೂಡಿನಲ್ಲಿ ಬ್ಯಾಟರಿ ಕೂಡುತ್ತದೆ. ಗಾಳಿ ಒಳಗೆ ಬರಲು ಮುಂದೊಂದು ಕಿಂಡಿ, ಹೊರಹೋಗಲು ಹಿಂದೆ ಅದಕ್ಕಿಂತ ದೊಡ್ಡ ಕಿಂಡಿ ಬೇಕು, ಇಲ್ಲವಾದರೆ ಒಳಗಿನ ಬಿಸಿ ಇಳಿಯದು. ಬಳಿಕ ಗುರುತ್ವಕೇಂದ್ರ. ರೆಕ್ಕೆಯ ಅಗಲ 28 ಸೆಂಟಿಮೀಟರಾದರೆ, ಮುಂದಿನ ಅಂಚಿನಿಂದ ಏಳು-ಒಂಬತ್ತು ಸೆಂಟಿಮೀಟರುಗಳ ನಡುವೆ ಅದು ಬೀಳಬೇಕು. 400 ಗ್ರಾಮಿನ ಬ್ಯಾಟರಿಯನ್ನು ಐದು ಸೆಂಟಿಮೀಟರ್ ಸರಿಸಿದರೆ ಗುರುತ್ವಕೇಂದ್ರ ಎಂಟು ಮಿಲಿಮೀಟರ್ ಸರಿಯುತ್ತದೆ. ಮೂತಿಗೆ ಸೀಸ ತುಂಬುವ ಗೋಜಿಲ್ಲ. ಟಾಂಕಿಯಂತೆ ಹಾರುತ್ತ ಹಾರುತ್ತ ಹಗುರವಾಗುವುದೂ ಇಲ್ಲ. ಕನ್ನಡದಲ್ಲಿ ಓದಿದ ವಿಜ್ಞಾನ ಮುಂದೆ ಯಾತಕ್ಕೆ ಬರುತ್ತದೆಂದು ಕೇಳುವ ಹೆತ್ತವರು, ಮಕ್ಕಳು ಸನ್ನೆಯ ತತ್ವವನ್ನು ಹೀಗೆ ಬಳಸುವುದನ್ನು ಒಮ್ಮೆ ಬಂದು ನೋಡಬೇಕು.

ಇಂಜಿನಿನ ಅಭಿಮಾನಿಗಳು ಸುಮ್ಮನಿರುವವರಲ್ಲ. ಆ ಸದ್ದು, ಹರಳೆಣ್ಣೆ ಬೆರೆಸಿದ ಮೆಥನಾಲ್ ಉರಿದ ಆ ವಾಸನೆ ಇಲ್ಲದೆ ವಿಮಾನವೇ ಅಲ್ಲವೆಂದು ಅವರ ವಾದ. ಅವರ ಪ್ರೀತಿ ನಮಗೂ ಅರ್ಥವಾಗುತ್ತದೆ. ಆದರೆ ಪಕ್ಕದ ಕೋಣೆಯಲ್ಲಿ ಪಾಠ ನಡೆಯುವಾಗ ಆ ಸದ್ದನ್ನು ಸಹಿಸುವ ಅಧ್ಯಾಪಕರು ಯಾವ ಶಾಲೆಯಲ್ಲಿದ್ದಾರು? ಮೆಥನಾಲ್ ವಿಷವೂ ಹೌದು. ಮಕ್ಕಳ ಕೈಗೆ ಸಿಗುವಲ್ಲಿ ಇಡುವ ವಸ್ತುವಲ್ಲ.

ಹಾಗೆಂದು ವಿದ್ಯುತ್ತು ಸಾಧುಪ್ರಾಣಿಯೆಂದು ಯಾರೂ ಬಗೆಯಬಾರದು. ಪ್ರೊಪೆಲ್ಲರಿಗೆ ಏನಾದರೂ ಸಿಕ್ಕಿಕೊಂಡರೆ ಪುಟ್ಟ ಇಂಜಿನು ನಿಂತುಹೋಗಬಹುದು. ಮೋಟಾರು ಇನ್ನಷ್ಟು ವಿದ್ಯುತ್ತೆಳೆದು ತಿರುಗಲು ಹೆಣಗುತ್ತದೆ. ಬ್ಯಾಟರಿಯ ತಂತಿ ಜೋಡಿಸಿದ ಕ್ಷಣದಿಂದ ಅದು ಯಾವಾಗ ಬೇಕಾದರೂ ತಿರುಗೀತು. ಆದಕಾರಣ ಮೇಜಿನ ಮೇಲಿನ ಪರೀಕ್ಷೆಗಳೆಲ್ಲ ಪ್ರೊಪೆಲ್ಲರ್ ಕಳಚಿಟ್ಟೇ ನಡೆಯಬೇಕು. ಬ್ಯಾಟರಿಯ ಒಂದೊಂದು ಕೋಶವೂ 4.2 ವೋಲ್ಟ್ ಮೀರಕೂಡದು. ಇದಕ್ಕೆಂದೇ ಇರುವ ಚಾರ್ಜರಿನಲ್ಲಿ, ಅಧ್ಯಾಪಕರ ಕಣ್ಣೆದುರಿಗೆ, ಮರಳಿನ ಬಾಲ್ದಿ ಪಕ್ಕದಲ್ಲಿಟ್ಟುಕೊಂಡೇ ಚಾರ್ಜು ಮಾಡಬೇಕು. ಉಬ್ಬಿದ ಬ್ಯಾಟರಿಯನ್ನು ‘ಇನ್ನೊಂದೇ ಸಲ’ ಎಂದು ಉಪಯೋಗಿಸುವುದಕ್ಕೆ ಅವಕಾಶವೇ ಇರಬಾರದು. ಈ ಶಿಸ್ತಿಗೆ ಒಪ್ಪದ ಶಾಲೆ ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು.

ಹಾರಿಸುವ ಸ್ಥಳದ ಮಾತೊಂದು ಉಳಿಯಿತು. 2021ರ ಡ್ರೋನ್ ನಿಯಮಗಳು ಆಕಾಶವನ್ನು ಕೆಂಪು, ಹಳದಿ, ಹಸಿರು ವಲಯಗಳಾಗಿ ವಿಂಗಡಿಸಿವೆ. ನಮ್ಮ ಜಾಗ ಯಾವುದರಲ್ಲಿದೆಯೆಂದು ಮೊದಲೇ ನಕ್ಷೆಯಲ್ಲಿ ನೋಡಿಕೊಳ್ಳಬೇಕು. ವಿಮಾನ ಕಣ್ಣಳತೆ ದಾಟಿ ಹೋಗಬಾರದು. ಸುತ್ತ ಅಡಿಕೆ ತೋಟ, ವಿದ್ಯುತ್ ಕಂಬಗಳಿರುವ ನಮ್ಮ ಶಾಲಾ ಮೈದಾನ ಇದಕ್ಕೆ ತಕ್ಕುದಲ್ಲ. ಮಳೆಗಾಲದಲ್ಲಿ ಅಂಟಿಸುವ, ಜೋಡಿಸುವ ಕೆಲಸ ಮುಗಿಸಿಕೊಂಡರೆ, ಕೊಯಿಲು ಮುಗಿದು ಒಣಗಿದ ಬೈಲುಗದ್ದೆ ಸಿಕ್ಕೀತು. ಗದ್ದೆಯ ಯಜಮಾನರ ಅಪ್ಪಣೆ ಕೇಳಲು ಮಕ್ಕಳ ಜೊತೆಗೆ ಹೆತ್ತವರಲ್ಲಿ ಒಬ್ಬಿಬ್ಬರು ಹೋಗಿ ಬಂದರೆ ಉಪಕಾರ.