ಕಂಬಳಿಯ ಮೇಲಿನ ಎಲೆ, ಗಾಜಿನೊಳಗಿನ ಎಲೆ

ಯುಗಾದಿಯ ದಿನ ಬೇವುಬೆಲ್ಲ ತಿಂದು, ಒಬ್ಬಟ್ಟಿನ ಊಟ ಮುಗಿಸಿ ಕೈತೊಳೆದ ಗಂಡಸರು ಮನೆಯಿಂದ ಹೊರಬಿದ್ದು ಎತ್ತ ನಡೆದರೆಂದು ದಂಡಿಗನಹಳ್ಳಿಯ ಕಡೆ ಯಾರೂ ಯಾರನ್ನೂ ಕೇಳುವುದಿಲ್ಲ. ಚನ್ನರಾಯಪಟ್ಟಣದ ಸೀಮೆಯಲ್ಲಷ್ಟೇ ಅಲ್ಲ, ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಉದ್ದಕ್ಕೂ, ವರ್ಷವಿಡೀ ಇಸ್ಪೀಟನ್ನು ಕಣ್ಣೆತ್ತಿ ನೋಡದವನೂ ಅಂದು ಒಂದು ಕೈ ಆಡಬೇಕೆಂಬುದು ಯಾವ ಪಂಚಾಂಗದಲ್ಲಿಯೂ ಬರೆಯದ ಶಾಸ್ತ್ರ. ತೆಂಗಿನ ತೋಟದ ನೆರಳಿನಲ್ಲಿ ಕಂಬಳಿ ಹಾಸುತ್ತದೆ. ಸುತ್ತ ಐದಾರು ಮಂದಿ ಕೂರುತ್ತಾರೆ. ಅವರ ಬೆನ್ನ ಹಿಂದೆ, ಆಡದೆಯೇ ಬುದ್ಧಿ ಹೇಳುವ ಹತ್ತು ಮಂದಿ ನಿಲ್ಲುತ್ತಾರೆ. ಮರುದಿನ ಹೊಸತೊಡಕಿನ ಬಾಡೂಟವಾದ ಮೇಲೆ ಕಂಬಳಿ ಮತ್ತೆ ಹಾಸುತ್ತದೆ. ನಡುವೆ ಪೊಲೀಸ್ ಜೀಪಿನ ಸದ್ದು ಕೇಳಿದರೆ ಕಂಬಳಿ, ಎಲೆ, ಆಟಗಾರರು ಮೂರೂ ಕ್ಷಣಮಾತ್ರದಲ್ಲಿ ಅದೃಶ್ಯವಾಗುವುದುಂಟು.

ಈಚಿನ ವರ್ಷಗಳಲ್ಲಿ ಆ ಕಂಬಳಿಯ ಅಂಚಿನಲ್ಲಿ ಇನ್ನೊಂದು ಜಾತಿಯ ಆಟಗಾರ ಕಾಣಿಸಿಕೊಂಡನು. ಅವನು ಕೂರುವುದು ಗೆಳೆಯರ ಜೊತೆಗೆ, ಆಡುವುದು ಕಾಣದವರ ಜೊತೆಗೆ. ಅಂಗೈಯಗಲದ ಮೊಬೈಲಿನಲ್ಲಿ ಹದಿಮೂರು ಎಲೆಗಳು ತಾವಾಗಿಯೇ ಬಂದು ತಾವಾಗಿಯೇ ಸಾಲುಗೂಡುತ್ತವೆ. ಆಟ ಅದೇ ರಮ್ಮಿ, ಜೋಕರ್ ಅದೇ, ಮೊದಲೇ ಕೈಚೆಲ್ಲಿದರೆ ಇಪ್ಪತ್ತು, ನಡುವೆ ಚೆಲ್ಲಿದರೆ ನಲವತ್ತು, ಪೂರ್ತಿ ಸಿಕ್ಕಿಬಿದ್ದರೆ ಎಂಬತ್ತು ಎಂಬ ಲೆಕ್ಕವೂ ಅದೇ. ಆದರೂ ಎರಡೂ ಒಂದೇ ಆಟವೇ? ಈ ವಿಷಯದಲ್ಲಿ ಆಟಗಾರರಲ್ಲಿರುವಷ್ಟು ಭಿನ್ನಾಭಿಪ್ರಾಯ ಪಂಚಾಯ್ತಿ ಚುನಾವಣೆಯಲ್ಲಿಯೂ ಇರಲಾರದು.

ಹಳಬರ ಪಕ್ಷದ ವಾದವೆಲ್ಲವೂ ಅರಳಿಕಟ್ಟೆಯ ಮೇಲೆ ನಡೆಯುವ ಇಂಥ ನಾಲ್ಕು ಮಾತಿನಲ್ಲಿ ಅಡಗಿದೆ:

“ಅಳಿಯಾ, ಆ ಗಾಜ್ನೊಳಗೆ ಎಲೆ ಕಲಸೋನು ಯಾರ್ಲಾ?”

“ಕಂಪ್ಯೂಟರ್ ಕಲಸ್ತದೆ ಮಾವ.”

“ಕಟ್ ಮಾಡೋರು?”

“ಅದೇ ಮಾಡ್ತದೆ.”

“ಲೆಕ್ಕ ಬರಿಯೋರು?”

“ಅದೂ ಅದೇ.”

“ಹಂಗಾರೆ ಕಳ್ಳನ ಕೈಗೇ ಬೀಗದ ಕೈ ಕೊಟ್ಟಂಗಾಯ್ತು ಬುಡು.”

ಇದನ್ನು ಮುದುಕರ ಅನುಮಾನವೆಂದು ತಳ್ಳಿಹಾಕುವಂತಿಲ್ಲ. ಎಲೆ ಕಲಸುವವನೊಬ್ಬ, ಕತ್ತರಿಸುವವನು ಇನ್ನೊಬ್ಬ, ಲೆಕ್ಕ ಬರೆಯುವವನು ಮತ್ತೊಬ್ಬ ಎಂಬ ಏರ್ಪಾಡು ಯಾವ ರಾಜ್ಯಾಂಗಕ್ಕೂ ಕಡಮೆಯಾದುದಲ್ಲ; ಒಬ್ಬನ ಕೈಯನ್ನು ಇನ್ನೊಬ್ಬನ ಕಣ್ಣು ಕಾಯುತ್ತಿರಲೆಂದೇ ಅದು ಹುಟ್ಟಿದ್ದು. ಗಾಜಿನ ಆಟದಲ್ಲಿ ಈ ಮೂರೂ ಅಧಿಕಾರಗಳು ಆಟ ನಡೆಸುವ ಸಂಸ್ಥೆಯ ಯಂತ್ರವೊಂದರಲ್ಲೇ ಸೇರಿಕೊಂಡವು. ಎದುರಿಗೆ ಆಡುತ್ತಿರುವವನು ಮನುಷ್ಯನೋ, ಮನುಷ್ಯನ ಹೆಸರು ಹೊತ್ತ ಯಂತ್ರವೋ ಎಂಬ ಶಂಕೆಯೂ ಸೋತವರ ಬಾಯಲ್ಲಿ ತಪ್ಪದೆ ಬರುತ್ತದೆ. ಗೆದ್ದವರ ಬಾಯಲ್ಲಿ ಮಾತ್ರ ಅದು ಬಂದುದನ್ನು ಕೇಳಿದವರಿಲ್ಲ!

ಹೊಸಬರ ಪಕ್ಷದಲ್ಲಿಯೂ ತಿರುಳಿದೆ. ಕಂಬಳಿಯ ಮೇಲಿನ ಕಟ್ಟಿನಲ್ಲಿ ಐವತ್ತೆರಡು ಎಲೆ ಪೂರ್ತಿಯಾಗಿರುವುದು ಅಪರೂಪ. ಕಳೆದ ಕಳಾವರ್ ಏಳಕ್ಕೆ ಬದಲಾಗಿ ಬೀಡಿಕಟ್ಟಿನ ರಟ್ಟನ್ನು ಕತ್ತರಿಸಿ ಸೇರಿಸಿರುವುದುಂಟು, ಆ ಏಳು ಯಾರ ಕೈಯಲ್ಲಿದೆಯೆಂಬುದು ಊರಿಗೆಲ್ಲ ಗೊತ್ತು. ಮೂಲೆ ಮಡಿಸಿದ ಎಕ್ಕ, ಎಣ್ಣೆಗಲೆಯ ರಾಣಿ, ಪಕ್ಕದವನಿಗೆ ಕೆಮ್ಮಿ ಕೊಡುವ ಸನ್ನೆ, ಇವಾವುವೂ ಗಾಜಿನೊಳಗೆ ನಡೆಯವು. ಸಾಲು ಕೂಡಿದೆಯೋ ಇಲ್ಲವೋ ಎಂದು ತಲೆ ಒಡೆದುಕೊಳ್ಳಬೇಕಾಗಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಬರುವುದನ್ನು ಕಾದು ನಡುರಾತ್ರಿ ಜಮೀನಿನಲ್ಲಿ ಒಬ್ಬನೇ ಕುಳಿತವನಿಗೆ ಕಂಬಳಿಯ ಗೆಳೆಯರು ಎಲ್ಲಿ ಸಿಕ್ಕಾರು? ಕೈಯಲ್ಲಿರುವ ಗಾಜು ಮಾತ್ರ ಕರೆದ ಕೂಡಲೆ ಆಟಕ್ಕೆ ಸಿದ್ಧ.

ತೊಡಕು ಇರುವುದೂ ಇಲ್ಲಿಯೇ. ಕಂಬಳಿ ಒಮ್ಮೆಯಾದರೂ ಮಡಿಸುತ್ತದೆ; ಹಸು ಕರೆಯುವ ಹೊತ್ತಾಯಿತೆಂದು ಯಾರಾದರೊಬ್ಬರು ಏಳುತ್ತಾರೆ; ಸೋತವನ ಮುಖ ನೋಡಿ ಗೆದ್ದವನೇ ‘ಸಾಕು ಏಳಯ್ಯ’ ಎಂದುಬಿಡುವುದುಂಟು. ಗಾಜಿಗೆ ಮುಖ ಕಾಣದು. ಡೈರಿಯ ಹಾಲಿನ ಬಟವಾಡೆ ಖಾತೆಗೆ ಬಿದ್ದ ದಿನವೇ ಅದು ಖಾತೆಯಿಂದ ರಮ್ಮಿಯ ಮೇಜಿಗೆ ಹೋದ ಮನೆಗಳಲ್ಲಿ, ಹೆಂಡತಿಗೆ ವಿಷಯ ತಿಳಿಯುವುದು ಹಿಂಡಿ ಅಂಗಡಿಯವನು ಹಳೆಯ ಬಾಕಿ ಕೇಳಲು ಬಂದಾಗ. ಹಿಂದೆ ಗಂಡ ಸೋತು ಬಂದರೆ ಊರಿಗೆಲ್ಲ ಗೊತ್ತಾಗುತ್ತಿತ್ತು; ಅವಮಾನವೆಂಬುದೂ ಒಂದು ಕಾವಲು. ಈಗ ಪಕ್ಕದಲ್ಲಿ ಮಲಗಿದವಳಿಗೂ ಗೊತ್ತಾಗದಂತೆ ಸೋಲಬಹುದು.

ಎಲೆಯಾಟ ಒಂದು ರೂಪ ಬಿಟ್ಟು ಇನ್ನೊಂದನ್ನು ಹಿಡಿಯುವುದು ಈ ನಾಡಿಗೆ ಹೊಸದಲ್ಲ. ಇಸ್ಪೀಟಿನ ಕಟ್ಟಿನಲ್ಲಿ ‘ಕಳಾವರ್’, ‘ಆಟೀನು’ ಎಂದು ಕರೆಯುವ ಜಾತಿಗಳ ಹೆಸರನ್ನು ಡಚ್ಚರ ‘ಕ್ಲಾವರ್’, ‘ಹಾರ್ಟನ್’ ಶಬ್ದಗಳ ಪಕ್ಕದಲ್ಲಿಟ್ಟು ನೋಡಿದರೆ, ಕಡಲು ದಾಟಿ ಬಂದ ಅತಿಥಿಗಳಿವರೆಂಬುದು ತಿಳಿಯುತ್ತದೆ. ಅವು ಬರುವ ಮುನ್ನ ಇಲ್ಲಿ ಆಡುತ್ತಿದ್ದುದು ಗಂಜೀಫಾ. 1868ರಲ್ಲಿ ಕಾಲವಾದ ಮುಮ್ಮಡಿ ಕೃಷ್ಣರಾಜ ಒಡೆಯರು ಈ ಆಟದಲ್ಲಿ ಎಷ್ಟು ಮುಳುಗಿದ್ದರೆಂದರೆ, ತಮ್ಮ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ‘ಛದ’ಗಳೆಂಬ ಹೊಸ ಎಲೆಯಾಟಗಳನ್ನೇ ನಿರೂಪಿಸಿದರು. ಅವುಗಳಲ್ಲಿ ಕೆಲವಕ್ಕೆ ಮುನ್ನೂರಕ್ಕೂ ಮೀರಿದ ಎಲೆಗಳು ಬೇಕು! ಐವತ್ತೆರಡನ್ನು ಕಲಸಲು ಬೆರಳು ಸೋಲುವವರು ಇದನ್ನು ಊಹಿಸಿಕೊಳ್ಳಲಿ. ಅಂಥ ಆಟ ಅರಮನೆಯ ಹೊಸ್ತಿಲನ್ನು ದಾಟಿ ಕಂಬಳಿಗೆ ಬರಲಿಲ್ಲ. ಗುಂಡನೆಯ ಎಲೆಯ ಮೇಲೆ ದಶಾವತಾರವನ್ನು ಬರೆಯುವ ಕೈಗಳೇ ಅಳಿದುಹೋಗುತ್ತಿದ್ದ ಕಾಲದಲ್ಲಿ ಗಂಜೀಫಾ ರಘುಪತಿ ಭಟ್ಟರಂಥ ಕಲಾವಿದರು ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು. ಇಂದು ಮೈಸೂರಿನ ಗಂಜೀಫಾ ಎಲೆಗಳಿಗೆ ಭೌಗೋಳಿಕ ಸೂಚಕದ ಮನ್ನಣೆಯಿದೆ. ಆದರೆ ಅವು ಗೋಡೆಯ ಮೇಲಿವೆ, ಕೈಯಲ್ಲಿಲ್ಲ.

ಇನ್ನು ಮಕ್ಕಳ ಎಲೆಗಳ ಮಾತು. ಬಬಲ್ ಗಮ್ಮಿನ ಜೊತೆ ಬರುತ್ತಿದ್ದ ಕ್ರಿಕೆಟ್ ವೀರರ ಚೀಟಿಗಳನ್ನೂ, ಎತ್ತರ, ತೂಕ, ಎದೆಯಳತೆಗಳನ್ನು ಅಚ್ಚುಹಾಕಿದ ಕುಸ್ತಿಪಟುಗಳ ಟ್ರಂಪ್ ಕಾರ್ಡುಗಳನ್ನೂ ಚಡ್ಡಿಯ ಜೇಬಿನಲ್ಲಿ ತುಂಬಿಕೊಂಡು ಶಾಲೆಗೆ ಹೋದ ಹುಡುಗರು ಇಂದು ಗೃಹಸ್ಥರು. ಅವರಿಗೆ ಆಟಕ್ಕಿಂತ ಮಿಗಿಲಾದ ಸುಖ ಬದಲಾವಣೆಯಲ್ಲಿತ್ತು: ನಿನ್ನದೊಂದು ಕೊಡು, ನನ್ನವೆರಡು ತೆಗೆದುಕೋ. ಆ ಚೌಕಾಸಿ ಚನ್ನರಾಯಪಟ್ಟಣದ ಸಂತೆಯ ಚೌಕಾಸಿಗಿಂತ ಬಿರುಸಾದುದು.

ಹೊರನಾಡುಗಳಲ್ಲಿ ಇದೇ ಬದಲಾವಣೆ ಒಂದು ದೊಡ್ಡ ಉದ್ಯಮವಾಯಿತು. ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞ 1993ರಲ್ಲಿ ‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಆಟವನ್ನು ಹೊರತಂದನು, 1996ರಲ್ಲಿ ಜಪಾನಿನಿಂದ ‘ಪೋಕೆಮಾನ್’ ಎಲೆಗಳು ಬಂದವು. ಅಂಗಡಿಯಲ್ಲಿ ಕೊಳ್ಳುವ ಪೊಟ್ಟಣದೊಳಗೆ ಯಾವ ಎಲೆ ಇದೆಯೆಂದು ಬಿಚ್ಚುವವರೆಗೆ ತಿಳಿಯದು. ಬೇಡದ್ದನ್ನು ಕೊಟ್ಟು ಬೇಕಾದ್ದನ್ನು ಪಡೆಯಬೇಕು. ಇವೆರಡೂ ಗಾಜಿಗೆ ಇಳಿದಾಗ ಏನಾಯಿತು? ‘ಮ್ಯಾಜಿಕ್’ ಆಟದ ‘ಅರೀನಾ’ ಎಂಬ ಹೊಸ ರೂಪದಲ್ಲಿ ಆಟಗಾರರು ಪರಸ್ಪರ ಎಲೆ ಬದಲಿಸಿಕೊಳ್ಳುವಂತೆಯೇ ಇಲ್ಲ. 2024ರ ಅಕ್ಟೋಬರ್ 30ರಂದು ಹೊರಬಂದ ‘ಪೋಕೆಮಾನ್ ಪಾಕೆಟ್’ ದಿನಕ್ಕೆರಡು ಪೊಟ್ಟಣಗಳನ್ನು ಪುಕ್ಕಟೆಯಾಗಿ ಕೊಟ್ಟು, ಅರವತ್ತು ಎಲೆಯ ಕಟ್ಟನ್ನು ಇಪ್ಪತ್ತಕ್ಕಿಳಿಸಿ, ಆಟವನ್ನು ಚುಟುಕಾಗಿಸಿ ಮೆಚ್ಚುಗೆ ಪಡೆಯಿತು. ಬಸ್ಸು ಬರುವಷ್ಟರಲ್ಲಿ ಒಂದಾಟ ಮುಗಿಯುತ್ತದೆಂದು ಕೆಲವರು ಹೊಗಳಿದರೆ, ಕಾಗದದ ಆಟದ ಆಳವೆಲ್ಲ ಹೋಯಿತೆಂದು ಹಳೆಯ ಕೈಗಳು ಮರುಗಿದವು. 2025ರ ಜನವರಿಯಲ್ಲಿ ವಿನಿಮಯಕ್ಕೂ ಬಾಗಿಲು ತೆರೆಯಿತು. ಆದರೆ ಒಂದು ಅಪರೂಪದ ಎಲೆಯನ್ನು ಗೆಳೆಯನೊಡನೆ ಬದಲಿಸಲು, ಅಂಥವೇ ಹಲವು ಎಲೆಗಳನ್ನು ಮೊದಲು ಯಂತ್ರಕ್ಕೆ ಆಹುತಿ ಕೊಟ್ಟು ಟೋಕನ್ ಸಂಪಾದಿಸಬೇಕಾಗಿತ್ತು. ಆಟಗಾರರು ಕೆರಳಿದರು. ವಂಚಕರನ್ನೂ ಯಂತ್ರಾಟಗಾರರನ್ನೂ ತಡೆಯಲು ಈ ಕಟ್ಟುಪಾಡೆಂದು ಸಂಸ್ಥೆಯವರು ಸಮಾಧಾನ ಹೇಳಿದರು. ಕೊನೆಗೆ ಅದೇ ವರ್ಷ ಟೋಕನ್ನುಗಳನ್ನು ಕೈಬಿಡಬೇಕಾಯಿತು. ಟೋಕಿಯೋದ ಹುಡುಗನ ಗೋಳೂ ದಂಡಿಗನಹಳ್ಳಿಯ ಮಾವಯ್ಯನ ಗೋಳೂ ಒಂದೇ ಬೇರಿನದು: ಇಬ್ಬರು ಕೂಡಿ ಮಾಡಿಕೊಳ್ಳಬಹುದಾಗಿದ್ದ ಒಪ್ಪಂದದ ನಡುವೆ ಮೂರನೆಯವನೊಬ್ಬ ಬಂದು ಕುಳಿತಿದ್ದಾನೆ, ಮತ್ತು ಅವನಿಗೆ ಸುಂಕ ತೆರಬೇಕಾಗಿದೆ.

ಸುಂಕದ ಮಾತೇ ಆಟವನ್ನು ನ್ಯಾಯಾಲಯದ ಮೆಟ್ಟಿಲು ಹತ್ತಿಸಿದ್ದು. ಸಿಕಂದರಾಬಾದಿನ ಕ್ಲಬ್ಬೊಂದರ ಮೊಕದ್ದಮೆಯಲ್ಲಿ 1967ರಲ್ಲಿ ಸರ್ವೋಚ್ಚ ನ್ಯಾಯಾಲಯವು ರಮ್ಮಿಯು ಮೂರೆಲೆಯಾಟದಂತೆ ಬರಿಯ ಅದೃಷ್ಟದ ಆಟವಲ್ಲವೆಂದೂ, ಮುಖ್ಯವಾಗಿ ಕುಶಲತೆಯ ಆಟವೆಂದೂ ತೀರ್ಪಿತ್ತಿತು. ಕಾರಣ? ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಹಿಡಿಯಬೇಕು ಯಾವುದನ್ನು ಬಿಡಬೇಕೆಂಬ ವಿವೇಚನೆ ಬೇಕು. ಆದರೆ ಆಟ ನಡೆಸುವವನು ಅದರಿಂದ ಲಾಭ ಮಾಡಿಕೊಂಡರೆ ಅಪರಾಧವಾಗಬಹುದೆಂಬ ಎಚ್ಚರಿಕೆಯೂ ಆ ತೀರ್ಪಿನಲ್ಲಿತ್ತು. ಮೊಬೈಲ್ ರಮ್ಮಿಯವರು ಮೊದಲ ಮಾತನ್ನು ಬಹುಕಾಲ ಗುರಾಣಿಯಾಗಿ ಹಿಡಿದರು. ಎರಡನೆಯದನ್ನು ಅಷ್ಟು ಗಟ್ಟಿಯಾಗಿ ಓದಲಿಲ್ಲ. ಇಲ್ಲೊಂದು ಸ್ವಾರಸ್ಯವಿದೆ. ಬಿದ್ದ ಎಲೆಗಳ ಪಟ್ಟಿಯನ್ನು ಬೆರಳು ತಾಕಿಸಿದರೆ ತೋರಿಸುವ ಅನುಕೂಲ ಹಲವು ಗಾಜಿನಾಟಗಳಲ್ಲಿದೆ. ನೆನಪಿಡುವ ಕೆಲಸವನ್ನು ಯಂತ್ರವೇ ವಹಿಸಿಕೊಂಡ ಮೇಲೆ, ನ್ಯಾಯಾಲಯ ಮೆಚ್ಚಿದ ಕುಶಲತೆ ಎಷ್ಟು ಉಳಿಯಿತು? ಹಳೆಯ ಆಟಗಾರರು ‘ಅದು ರಮ್ಮಿಯೇ ಅಲ್ಲ’ ಎನ್ನುವುದಕ್ಕೆ ಕಾನೂನಿನ ದೃಷ್ಟಿಯಿಂದಲೂ ಬೆಲೆಯಿಲ್ಲದಿಲ್ಲ.

ಕರ್ನಾಟಕ ಸರ್ಕಾರವು 2021ರ ಅಕ್ಟೋಬರಿನಲ್ಲಿ ಪೊಲೀಸ್ ಕಾಯ್ದೆಯನ್ನು ತಿದ್ದಿ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕುಶಲತೆಯ ಆಟಕ್ಕೂ ಜೂಜಿಗೂ ವ್ಯತ್ಯಾಸ ಕಾಣದ ಈ ತಿದ್ದುಪಡಿಯನ್ನು ಉಚ್ಚ ನ್ಯಾಯಾಲಯವು 2022ರ ಫೆಬ್ರವರಿ 14ರಂದು ರದ್ದುಪಡಿಸಿತು. ಆಟ ಮತ್ತೆ ಚಿಗುರಿತು. ಸಿನಿಮಾ ತಾರೆಯರೂ ಕ್ರಿಕೆಟಿಗರೂ ಜಾಹೀರಾತುಗಳಲ್ಲಿ ಅದಕ್ಕೆ ನೀರೆರೆದರು. 2023ರ ಅಕ್ಟೋಬರಿನಿಂದ ಆಟಕ್ಕಿಟ್ಟ ಹಣದ ಮೇಲೆ ನೂರಕ್ಕೆ 28ರಂತೆ ಜಿಎಸ್‌ಟಿ ಬಿದ್ದಾಗಲೂ ಅದು ಬಾಡಲಿಲ್ಲ. ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತೇ ಕಾಯ್ದೆಯೊಂದನ್ನು ಅಂಗೀಕರಿಸಿ, ಕುಶಲತೆಯೋ ಅದೃಷ್ಟವೋ ಎಂಬ ಜಿಜ್ಞಾಸೆಯನ್ನೇ ಬದಿಗಿಟ್ಟು, ಹಣ ಪಣವಿಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ಆಡಿಸುವವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿ ರೂಪಾಯಿಯವರೆಗೆ ದಂಡ, ಆಡಿದವನಿಗೆ ಶಿಕ್ಷೆಯಿಲ್ಲ. ವರ್ಷಕ್ಕೆ ಸುಮಾರು 45 ಕೋಟಿ ಜನ ಇಂಥ ಆಟಗಳಲ್ಲಿ 20,000 ಕೋಟಿ ರೂಪಾಯಿಗಳನ್ನು ಕಳೆದುಕೊಳ್ಳುತ್ತಿದ್ದರೆಂಬ ಸರ್ಕಾರಿ ಅಂದಾಜು ಆಗ ಪತ್ರಿಕೆಗಳಲ್ಲಿ ಬಂದಿತು. ಕಾಯ್ದೆಯನ್ನು ಪ್ರಶ್ನಿಸಿದ ಮೊಕದ್ದಮೆಗಳು ಕರ್ನಾಟಕ ಮೊದಲಾದ ರಾಜ್ಯಗಳ ಉಚ್ಚ ನ್ಯಾಯಾಲಯಗಳಿಂದ ಸರ್ವೋಚ್ಚ ನ್ಯಾಯಾಲಯಕ್ಕೆ ವರ್ಗವಾದವು.

ಹಣದ ಮೇಜುಗಳು ಮುಚ್ಚಿದ ಮೇಲೆ ಬರಿಯ ಅಂಕಗಳಿಗಾಗಿ ಆಡುವ ಗಾಜಿನ ರಮ್ಮಿಯ ಬಗೆಗೆ ಈಗ ಹೊಸ ಪಕ್ಷಭೇದ ಹುಟ್ಟಿದೆ. ‘ಉಪ್ಪಿಲ್ಲದ ಸಾರು’ ಎಂದು ಮೊಬೈಲನ್ನು ಜೇಬಿಗಿಳಿಸಿದವರು ಕೆಲವರು. ಆಟವನ್ನು ಆಟವಾಗಿ ಕಂಡದ್ದು ಈಗಲೇ ಎನ್ನುವವರೂ ಇಲ್ಲದಿಲ್ಲ. ಅವರ ಮನೆಯವರಂತೂ ಕಾಯ್ದೆಯ ಹೆಸರು ಕೇಳಿರದಿದ್ದರೂ ಅದಕ್ಕೆ ಕೈಮುಗಿಯುತ್ತಾರೆ. ಕಳ್ಳದಾರಿಯಲ್ಲಿ ಹೊರದೇಶದ ಆಟಗಳನ್ನು ಹುಡುಕಿಕೊಂಡು ಹೋದವರೂ ಉಂಟು; ಅಲ್ಲಿ ಗೆದ್ದ ಹಣ ಕೈಗೆ ಬಾರದಿದ್ದರೆ ದೂರು ಕೊಡಲು ಬಾಯಿಲ್ಲ.

ಕಂಬಳಿಯವರ ಪಾಲಿಗೆ ಮಾತ್ರ ಇದಾವುದರಿಂದಲೂ ಏನೂ ಬದಲಾಗಲಿಲ್ಲ. ದೆಹಲಿಯ ಕಾಯ್ದೆ ಗಾಜಿನ ಆಟಕ್ಕೆ ಸಂಬಂಧಿಸಿದ್ದು. ತೋಪಿನ ನೆರಳಿಗೆ 1963ರ ಪೊಲೀಸ್ ಕಾಯ್ದೆಯೇ ಇಂದಿಗೂ ದೊರೆ. ಅದರ 87ನೆಯ ಕಲಮಿನಂತೆ ಬೀದಿಯಲ್ಲಿ ಜೂಜಾಡಿದವನನ್ನು ಹಿಡಿಯಬಹುದು. 176ನೆಯ ಕಲಮು ಕುಶಲತೆಯ ಆಟಕ್ಕೆ ರಿಯಾಯಿತಿ ಕೊಡುತ್ತದೆ. ಹಾಗಾಗಿ ಜೀಪು ಬಂದಾಗ ಕಂಬಳಿಯ ಮೇಲಿದ್ದುದು ರಮ್ಮಿಯೋ ಅಂದರ್ ಬಾಹರೋ ಎಂಬುದು ಮುಖ್ಯವಾದ ಪ್ರಶ್ನೆ. ಓಡುವ ಮುನ್ನ ಎಲೆಗಳನ್ನು ಹದಿಮೂರು ಹದಿಮೂರಾಗಿ ಹಂಚಿಟ್ಟು ಓಡುವಷ್ಟು ಜಾಣ್ಮೆ ಇನ್ನೂ ಯಾರಿಗೂ ಬಂದಂತಿಲ್ಲ.